ಗಣಪಯ್ಯನವರ ಪ್ರಸ್ಥಾನದ ಚೀಲ

ಸಾಲಿಗ್ರಾಮದ ಗಣಪಯ್ಯನವರು ಹೊರಡುವುದರಲ್ಲಿ ನಿಸ್ಸೀಮರು. ಹೋಗಿ ಮುಟ್ಟುವುದೊಂದು ಬಾಕಿ. ಅವರ ಹೆಂಡತಿ ತುಂಗಾ ಮೂವತ್ತಾರು ವರ್ಷ ಸಂಸಾರ ಮಾಡಿ ಕಂಡುಕೊಂಡದ್ದು ಇಷ್ಟೇ. ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದ ಈ ಮಹಾನುಭಾವರು ಉಡುಪಿಗೆ ಹೋಗಿಬರುವುದಕ್ಕೂ ಪಟ್ಟಿ ಬರೆಯುತ್ತಾರೆ. ನಂಬರು ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು. ಆ ಗೆರೆ ಕಂಡರೇ ತುಂಗಾಳಿಗೆ ಮೈ ಉರಿಯುತ್ತದೆ.

ಅವಳಿಗಿದ್ದ ಆಸೆ ಒಂದೇ. ಬೈಂದೂರಿನ ಒತ್ತಿನೆಣೆ ಗುಡ್ಡದ ಮೇಲೆ ನಿಂತು ಸೂರ್ಯ ಕಡಲಿಗೆ ಇಳಿಯುವುದನ್ನು ನೋಡಬೇಕು. ಅಮಾಸೆಬೈಲಿನಲ್ಲಿ ಏಳನೇ ಕ್ಲಾಸು ಓದುವಾಗ ಶಾಲೆಯವರು ಅಲ್ಲಿಗೆ ಕರೆದುಕೊಂಡು ಹೋದ ದಿನ ಇವಳಿಗೆ ಜ್ವರ. ಮದುವೆಯಾದ ಮೇಲೆ ಮೂರು ಸಲ ಹೊರಟಾಯಿತು. ಒಮ್ಮೆ ಗ್ಯಾಸು ಆರಿಸಿದ್ದೋ ಇಲ್ಲವೋ ಎಂದು ಕೋಟದಿಂದ ವಾಪಸು. ಇನ್ನೊಮ್ಮೆ ಹಿಂಬಾಗಿಲ ಚಿಲಕದ ಗುಮಾನಿ ಬಂದು ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ವಾಪಸು. ಮೂರನೇ ಸಲ ಯಾರೋ ಸೀನಿದರು, ಗೇಟೇ ದಾಟಲಿಲ್ಲ.

ಈ ಮೇ ತಿಂಗಳಲ್ಲಿ ಮಗಳು ಶರಣ್ಯಾ, ಅಳಿಯ ರಜತ್, ಎಂಟು ವರ್ಷದ ಮೊಮ್ಮಗಳು ಕ್ಷಮಾ ಮೈಸೂರಿನಿಂದ ಕಾರಿನಲ್ಲಿ ಬಂದರು. ಸೋಮವಾರ ಬೆಳಿಗ್ಗೆ ಅವರು ಹೊರಡುವವರು. ಉಳಿದದ್ದು ಭಾನುವಾರದ ಸಂಜೆ ಒಂದೇ. ಒತ್ತಿನೆಣೆಗೆ ಹೋಗುವುದೆಂದು ತುಂಗಾ ಹೇಳಿಬಿಟ್ಟಳು.

ಗಣಪಯ್ಯನವರು ಪಂಚಾಂಗ ಬಿಡಿಸಿದರು. ಭಾನುವಾರ ನಾಲ್ಕೂವರೆಯಿಂದ ರಾಹುಕಾಲ. ಅಳಿಯ ಉಂಡು ಮಲಗಿ ಏಳುವಾಗ ಹೇಗೂ ಐದಾಗುತ್ತದೆ. ಇಂಥದ್ದಕ್ಕೆ ಹಿರಿಯರು ಮಾಡಿಟ್ಟ ದಾರಿ ಪ್ರಸ್ಥಾನ: ಒಳ್ಳೆಯ ಹೊತ್ತಿನಲ್ಲಿ ಒಂದು ಚೀಲ ಪಕ್ಕದ ಮನೆಯಲ್ಲಿ ಇಟ್ಟುಬಂದರೆ ನಾವೇ ಹೊರಟ ಲೆಕ್ಕ. ಆಮೇಲೆ ಯಾವಾಗಲಾದರೂ ಹೊರಟು, ಹೋಗುವಾಗ ಚೀಲ ಎತ್ತಿಕೊಂಡರಾಯಿತು. ಸರಿಯಾಗಿ ನಾಲ್ಕಕ್ಕೆ ಶಲ್ಯ ಹೊದ್ದ ಗಣಪಯ್ಯನವರು ಪಕ್ಕದ ಮನೆಯ ಪುಷ್ಪಳ ಜಗಲಿಯಲ್ಲಿ ಚೀಲ ಇಟ್ಟು, ದೊಡ್ಡ ಘನಕಾರ್ಯ ಮಾಡಿದವರಂತೆ ಬಂದು ಕುಳಿತರು.

ಚೀಲದಲ್ಲಿ ಇದ್ದದ್ದಾದರೂ ಏನು? ಟಾರ್ಚು, ಮೇಣದಬತ್ತಿ, ಬಟ್ಟೆ ಒಣಗಿಸುವ ಹಗ್ಗ, ವಾಂತಿ ಬಂದರೆ ಮೂಸಲಿಕ್ಕೆ ನಿಂಬೆಹಣ್ಣು, ಇನ್ನೂ ಏನೇನೋ, ಮತ್ತು ನಲವತ್ತೊಂದು ನಂಬರಿನ ಪಟ್ಟಿ. ಒಂದು ಸಂಜೆಯ ತಿರುಗಾಟಕ್ಕೆ! ಮಗುವಿಗೆ ಬೇಕಾದ ನೀರು, ಬಿಸ್ಕೆಟು, ಬದಲಿ ಅಂಗಿಯನ್ನು ತುಂಗಾ ತನ್ನ ಬ್ಯಾಗಿಗೆ ತುಂಬಿಕೊಂಡಳು. ಅದಕ್ಕೆ ಪಟ್ಟಿ ಬೇಕಾಗಲಿಲ್ಲ.

ತ್ರಾಸಿ ಮುಟ್ಟುವಾಗ ಐದೂ ಮುಕ್ಕಾಲು. ಎಡಬದಿಗೆ ಕಡಲು ಕಂಡು ಕ್ಷಮಾ ಕಿಟಕಿಗೆ ಮೂಗು ಒತ್ತಿ ಕೇಕೆ ಹಾಕುತ್ತಿದ್ದಳು. ಮುಂದಿನ ಸೀಟಿನಲ್ಲಿದ್ದ ಗಣಪಯ್ಯನವರು ಇದ್ದಕ್ಕಿದ್ದಂತೆ ಕಾಲ ಬುಡ ತಡವಿದರು.

"ಚೀಲ ಎಲ್ಲಿತ್ತ್?"

ಚೀಲ ಪುಷ್ಪಳ ಜಗಲಿಯಲ್ಲೇ ಇತ್ತು. ಇಟ್ಟವರೂ ಇವರು, ಮರೆತವರೂ ಇವರು. ನಲವತ್ತೊಂದು ನಂಬರು ಬರೆದವರಿಗೆ ಚೀಲ ಎತ್ತಿಕೊಳ್ಳುವುದೆಂಬ ಒಂದು ನಂಬರು ಹೊಳೆದಿರಲಿಲ್ಲ.

"ರಜತ್, ಗಾಡಿ ತಿರ್ಗ್ಸಿ. ಪ್ರಸ್ಥಾನ ಬಿಟ್ಟ್ ಹೋಪುಕ್ ಆತಿಲ್ಲೆ."

"ಅಪ್ಪಯ್ಯ, ತಿರ್ಗಿ ಹೋರೆ ಸೂರ್ಯ ಮುಳ್ಗಿ ಆತ್ತ್," ಎಂದಳು ಶರಣ್ಯಾ.

"ಮುಳ್ಗಲಿ. ನಾಳೆ ಹುಟ್ತಿಲ್ಯಾ?"

ರಜತ್ ಇಂಡಿಕೇಟರ್ ಹಾಕಿಯೇಬಿಟ್ಟ. ಮಾವನಿಗೆ ಒಂದು ದಿನವೂ ಇಲ್ಲ ಎನ್ನಲಾರದ ಅಳಿಯ! ತುಂಗಾಳಿಗೆ ಅವನ ಮೇಲೂ ಹೇಸಿಗೆ ಹುಟ್ಟಿತು.

"ಅಮ್ಮಮ್ಮ, ವಾಪಸ್ ಹೋಗೋದಾ?" ಕ್ಷಮಾಳ ಮುಖ ಸಣ್ಣದಾಯಿತು. ಆ ಮುಖ ತುಂಗಾಳಿಗೆ ಗುರುತಿನದು. ಮೂರು ಸಲ ಅವಳೂ ಅದೇ ಮುಖ ಹೊತ್ತು ಮನೆಯೊಳಗೆ ಬಂದಿದ್ದಳು.

"ರಜತ್, ಬದಿಗೆ ನಿಲ್ಸಿ. ತಿರ್ಗ್ಸುದ್ ಬ್ಯಾಡ." ಆಮೇಲೆ ಗಂಡನ ಕಡೆಗೆ ತಿರುಗಿದಳು. "ನಿಮ್ಗೆ ಚೀಲ ಬೇಕಲ್ದಾ? ಇಳ್ಕಣಿ. ಎದ್ರ್ ಬದಿಯಂಗೆ ಬಸ್ ಸಿಕ್ಕತ್ತ್. ನಾನ್ ಮಕ್ಕಳ್ನ ಕರ್ಕಂಡ್ ಹೋತೆ."

"ಎಂತ? ನನ್ನ ಬಿಟ್ಟಾ?"

"ಹೌದ್. ನಿಮ್ಮ ಜೊತಿಗೆ ನಲ್ವತ್ತೊಂದ್ ಸಾಮಾನ್ ಇತ್ತಲೆ."

ಗಣಪಯ್ಯನವರು ಇಳಿದು ಬಾಗಿಲು ಧಡಕ್ಕನೆ ಹಾಕಿದರು. ರಸ್ತೆ ದಾಟುವ ಮೊದಲು ಒಮ್ಮೆ ತಿರುಗಿ ನೋಡಿದರು, ಕರೆಯುತ್ತಾಳೆಂದು. "ಹೊರ್ಡಿ," ಎಂದಳು ತುಂಗಾ ಅಳಿಯನಿಗೆ.

ಒತ್ತಿನೆಣೆಯಲ್ಲಿ ಗಾಳಿ ಸೆರಗು ಹಿಡಿದೆಳೆಯುವಷ್ಟಿತ್ತು. ಕೆಳಗೆ ಕಡಲಿನ ಉದ್ದಕ್ಕೂ ಕೆಂಪು. ಇದನ್ನು ನೋಡಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ತುಂಗಾಳಿಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು. ಸೂರ್ಯ ನೀರಿಗೆ ತಾಗಲು ಒಂದು ಗೇಣು ಇರುವಾಗ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು.

"ಚೀಲ ಸಿಕ್ಕಿತ್ತ್. ಮನಿಗ್ ಬಂದೆ. ಬೀಗದ್ ಕೈ ಎಲ್ಲಿತ್ತ್?"

"ಪಟ್ಟಿ ತೆಗ್ದ್ ಕಾಣಿ. ಒಂದ್ನೇ ನಂಬ್ರ."

ಜಿಪ್ಪು ಎಳೆದ ಸದ್ದು, ಕಾಗದ ಬಿಡಿಸಿದ ಸದ್ದು. ಗಣಪಯ್ಯನವರು ಆಫೀಸಿನಲ್ಲಿ ಓದುತ್ತಿದ್ದ ಹಾಗೆ ದೊಡ್ಡಕ್ಕೆ ಓದಿದರು. "ಒಂದು. ಮನೆಯ ಬೀಗದ ಕೈ. ತುಂಗಾಳ ಹತ್ತಿರ."

"ಹೌದ್, ನನ್ನತ್ರವೇ ಇತ್ತ್. ಸೂರ್ಯ ಮುಳ್ಗಿದ್ ಮೇಲೆ ಬತ್ತೆ," ಎಂದು ತುಂಗಾ ಫೋನನ್ನು ಬ್ಯಾಗಿಗೆ ಹಾಕಿ, ಕ್ಷಮಾಳ ಕೈ ಹಿಡಿದು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದಳು.