ಸಂಕ್ರಾಂತಿಯ ಮರುದಿನ ಕೆಲಸಕ್ಕೆ ಸೇರಿದ ಅಕ್ಕ

2004ರ ಜನವರಿ ಒಂದರಂದು, ಸೇನಾಪಡೆಗಳನ್ನು ಹೊರತುಪಡಿಸಿ, ಕೇಂದ್ರ ಸರ್ಕಾರದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಹಳೆಯ ಪಿಂಚಣಿ ನಿಂತಿತು. ಮಟ್ಟಾಂಚೇರಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಅಕ್ಕ ಕೆಲಸಕ್ಕೆ ಸೇರಿದ್ದು ಅದೇ ತಿಂಗಳು, ಸಂಕ್ರಾಂತಿಯ ಮರುದಿನ.

ಹೋದ ವಾರ ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದ ಹೊರಗೆ, ಬೀಗದ ಕೈ ಮಾಡಿಕೊಡುವವನ ಹಲಗೆಯ ಮೇಲೆ, ದಾರಕ್ಕೆ ಪೋಣಿಸಿದ ಹಿತ್ತಾಳೆಯ ಪುಟ್ಟ ಕೈಗಳನ್ನು ಕಂಡೆ. ಹಳೆಯ ಟ್ರಂಕುಗಳ ಬೀಗಕ್ಕೆ ಹೊಂದುವಂಥವು. ಅಂಥದೇ ಒಂದು ಅಕ್ಕನ ತಂದೆಯ ಜನಿವಾರದಲ್ಲಿ ಸದಾ ತೂಗುತ್ತಿತ್ತು. ಅವರು ನಡೆದರೆ ಅದು ಎದೆಯ ಮೇಲೆ ಸಣ್ಣಗೆ ತಟ್ಟುತ್ತಿತ್ತು...

ಅಕ್ಕ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲಿನ ಮಾತು; ನಾನು ಆಗ ಕೊಚ್ಚಿಯಲ್ಲಿ ಒಂದು ಸುದ್ದಿಸಂಸ್ಥೆಯ ವರದಿಗಾರ. ಮೆಣಸಿನ ಗೋದಾಮಿನ ಮೇಲಿನ ಮಹಡಿಯಲ್ಲಿ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಮೈಸೂರು ಕಡೆಯ ಈ ಇಬ್ಬರು. ಅಕ್ಕನಿಗೆ ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೆನೋ. ತಂದೆ ನಿವೃತ್ತ ಪೋಸ್ಟ್ ಮಾಸ್ಟರ್, ಎಂಬತ್ತೇಳು ವರ್ಷ. ನಾನು ಅವರನ್ನು ರಾಯರೇ ಎನ್ನುತ್ತಿದ್ದೆ. ಅವರಿಗೆ ನಾನು ‘ಪೇಪರಿನೋರು’.

ರಾಯರ ಪಿಂಚಣಿ ತಿಂಗಳ ಕೊನೆಗೆ ತಪ್ಪದೆ ಬರುತ್ತಿತ್ತು. ಆ ದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೆಟ್ಟಿಲ ಮೇಲೆ ಯಾರು ಸಿಕ್ಕರೂ ನಿಲ್ಲಿಸಿ ಹೇಳುತ್ತಿದ್ದರು: “ನೋಡಿ ಪೇಪರಿನೋರೇ, ನನ್ನ ಜೊತೆ ಸೇರಿದೋರೆಲ್ಲ ಹೋದ್ರು, ಪೆನ್ಷನ್ ಮಾತ್ರ ನನ್ನ ಕೈಬಿಟ್ಟಿಲ್ಲ. ಮಗಳಿಗೂ ನಾಳೆ ಹೀಗೇ ಬರತ್ತೆ. ನಾನಿಲ್ದೇ ಇದ್ರೂ ಅವಳಿಗೆ ಯೋಚನೆ ಇಲ್ಲ.” ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದರೆ ಆ ಸದ್ದು ನಿಂತುಹೋಗುತ್ತಿತ್ತು.

ನಿಜ ಏನೆಂದು ನನಗೆ ತಿಳಿದದ್ದು 2023ರಲ್ಲಿ. ಹಳೆಯ ಪಿಂಚಣಿ ನಿಲ್ಲುತ್ತದೆಂದು ಸರ್ಕಾರ ಪ್ರಕಟಿಸುವ ಮೊದಲೇ ಜಾಹೀರಾತಾಗಿದ್ದ ಹುದ್ದೆಗೆ ಆಯ್ಕೆಯಾಗಿ, ತಡವಾಗಿ ಸೇರಿದವರು ಬಯಸಿದರೆ ಹಳೆಯ ಪಿಂಚಣಿಗೆ ಮರಳಬಹುದು ಎಂಬ ಸುತ್ತೋಲೆ ಬಂತು. ಆಗಸ್ಟ್ 31 ಕೊನೆಯ ದಿನ. ಆ ಸುದ್ದಿಯನ್ನು ನಾನೇ ಬರೆದಿದ್ದೆ. ಮಾತಿನ ಮಧ್ಯೆ ಅದನ್ನು ಹೇಳಿದಾಗ ಅಕ್ಕ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಎಲ್ಲವನ್ನೂ ಹೇಳಿದರು.

ನೇಮಕಾತಿ ಪತ್ರ ಅವರ ಕೈಸೇರಿದ್ದು 2003ರ ಡಿಸೆಂಬರಿನಲ್ಲಿ. ಸೇರಲು ಮೂವತ್ತು ದಿನ ಅವಕಾಶವಿತ್ತು. ಆದರೆ ಧನುರ್ಮಾಸ ಹಿಡಿದಿತ್ತು. ಶೂನ್ಯಮಾಸದಲ್ಲಿ ಹೊಸ ಕೆಲಸ ಬೇಡ, ಸಂಕ್ರಾಂತಿ ಕಳೆಯಲಿ ಎಂದರು ರಾಯರು. ಹುಗ್ಗಿ ತಿಂದುಕೊಂಡು ಮನೆಯಲ್ಲೇ ಇದ್ದರು ಅಕ್ಕ. ಆ ಕೆಲವು ದಿನಗಳಲ್ಲಿ ಪಿಂಚಣಿ ಹೋಯಿತು. ತಂದೆಗೆ ಇದನ್ನು ಅವರು ಇಪ್ಪತ್ತು ವರ್ಷ ಹೇಳಿರಲಿಲ್ಲ. ಇಂಥದೇ ಅವಕಾಶ ಹಿಂದೊಮ್ಮೆ ಲಾಕ್‌ಡೌನ್ ಕಾಲದಲ್ಲಿ ಬಂದಿತ್ತು. ಅವರಿಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು.

ಈ ಸಲ ಆತುರಕ್ಕೆ ಇನ್ನೊಂದು ಕಾರಣವಿತ್ತು. ರಾಯರಿಗೆ ಮರೆವು ಶುರುವಾಗಿತ್ತು. ಹಾಲು ಒಲೆಯ ಮೇಲಿಟ್ಟು ಎರಡು ಸಲ ಮರೆತಿದ್ದರು. ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ನಿಂತು, ಮೈಸೂರಿನ ಬಸ್ಸು ಯಾವಾಗ ಎಂದು ಕಂಡವರನ್ನೆಲ್ಲ ಕೇಳುತ್ತಿದ್ದರು. ಮುಂದಿನ ಜನವರಿಗೆ ಅಕ್ಕನ ಸೇವೆಗೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಹಳೆಯ ಪಿಂಚಣಿ ಸಿಕ್ಕರೆ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಅಪ್ಪನ ಜೊತೆ ಇರಬಹುದು. ಸಿಗದಿದ್ದರೆ ಅರವತ್ತರವರೆಗೆ ದುಡಿಯಲೇಬೇಕು. ಹೊಸ ಯೋಜನೆಯಲ್ಲಿ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ.

ಅರ್ಜಿಗೆ ಮೂಲ ನೇಮಕಾತಿ ಪತ್ರ ಬೇಕಾಗಿತ್ತು. ಕಚೇರಿಯ ಕಡತದಲ್ಲಿ ಹುಡುಕಿ ಹುಡುಕಿ ಜುಲೈ ಬಂತು, ಸಿಗಲಿಲ್ಲ. ಅಕ್ಕನ ಪ್ರತಿ ಇದ್ದದ್ದು ರಾಯರ ಟ್ರಂಕಿನಲ್ಲಿ. ಅದರ ಬೀಗದ ಕೈ ಅವರ ಜನಿವಾರದಲ್ಲಿ. ಅಂಚೆ ಕಚೇರಿಯ ಅಭ್ಯಾಸ, ಯಾವ ಕಾಗದವನ್ನೂ ಪೂರ್ತಿ ಓದದೆ, ಏಕೆಂದು ಕೇಳದೆ ಅವರು ಕೊಡುತ್ತಿರಲಿಲ್ಲ. ಏಕೆ ಎಂದರು. ಬಡ್ತಿಗೆ ಅರ್ಜಿ ಹಾಕಬೇಕು ಎಂದುಬಿಟ್ಟರು ಅಕ್ಕ.

“ಬಡ್ತಿಗಾ? ಹಾಗಾದ್ರೆ ಈಗ ಬೇಡಮ್ಮ,” ಎಂದರು ರಾಯರು ಗೋಡೆಯ ಕ್ಯಾಲೆಂಡರ್ ನೋಡಿ. “ಅಧಿಕ ಮಾಸ ನಡೀತಿದೆ. ನಿಜ ಶ್ರಾವಣ ಬರ್ಲಿ.”

ಆ ವರ್ಷ ಶ್ರಾವಣ ಎರಡು ಬಂದಿತ್ತು. ಅಧಿಕ ಶ್ರಾವಣ ಮುಗಿಯುವುದು ಆಗಸ್ಟ್ 16ಕ್ಕೆ. ತಿಂಗಳ ಕೊನೆಯ ವಾರ ಓಣಂ ರಜೆ. ನಡುವೆ ಉಳಿಯುವ ದಿನಗಳನ್ನು ನಾನು ಬೆರಳು ಮಡಿಸಿ ಎಣಿಸಿ ಹೇಳಿ ರೇಗಿದೆ: “ಎರಡನೇ ಸಲ ಅಕ್ಕಾ! ನಿಜ ಹೇಳಿ ಇಸ್ಕೊಳ್ಳಿ.”

“ಮೊದಲನೇ ಸಲ ಗೊತ್ತಿಲ್ದೆ ಕಾದೆ. ಈ ಸಲ ಗೊತ್ತಿದ್ದೂ ಕಾಯ್ತಿದೀನಿ. ಇದೇ ನನ್ನ ಬಡ್ತಿ ಅಂದ್ಕೊಳ್ಳಿ,” ಎಂದು ಅಕ್ಕ ನಕ್ಕರು. ಆಮೇಲೆ ನಗು ನಿಂತಿತು. “ಏನಂತ ಹೇಳ್ಲಿ? ಅಪ್ಪಾ, ನೀವು ನನ್ನ ಒಳ್ಳೇದಕ್ಕೆ ಅಂತ ಹೇಳಿದ್ರಲ್ಲ, ಅದ್ರಿಂದ ಹೋಯ್ತು ಅಂತಲಾ? ಈ ವಯಸ್ಸಲ್ಲಿ ಅವರ ಹತ್ರ ಇರೋದು ಅದೊಂದು ಸಮಾಧಾನ.”

ಆ ಮೂರು ವಾರ ಅಕ್ಕನ ಮನೆಯಲ್ಲಿ ದೀಪ ಬೇಗ ಆರುತ್ತಿತ್ತು, ನಡೆದಾಡುವ ಸದ್ದು ಮಾತ್ರ ಆರುತ್ತಿರಲಿಲ್ಲ. ರಾಯರು ಬೀಗದ ಕೈಯನ್ನು ಎಲ್ಲಾದರೂ ಕಳೆದರೆ? ಕಾಗದ ಎಲ್ಲಿಟ್ಟೆ ಎಂಬುದನ್ನೇ ಮರೆತರೆ? ಪ್ರತಿ ಬೆಳಗ್ಗೆ ಅವರು ಸ್ನಾನ ಮಾಡಿ ಬಂದಾಗ ಅಕ್ಕನ ಕಣ್ಣು ಮೊದಲು ಹೋಗುತ್ತಿದ್ದುದು ಜನಿವಾರಕ್ಕೆ.

ಆಗಸ್ಟ್ 17ರ ಬೆಳಗ್ಗೆ ನನ್ನನ್ನೂ ಕರೆದರು. ರಾಯರು ದೇವರಿಗೆ ದೀಪ ಹಚ್ಚಿ, ಬಾಗಿ, ಜನಿವಾರ ಕತ್ತಿನಿಂದ ತೆಗೆಯದೆಯೇ ಬೀಗ ತೆಗೆದರು. ಕಾಗದಗಳೆಲ್ಲ ವರ್ಷವಾರು ಕಟ್ಟುಗಳಲ್ಲಿದ್ದವು. ಮರೆವು ಆ ಟ್ರಂಕಿನೊಳಗೆ ಇಳಿದಿರಲಿಲ್ಲ. ಪತ್ರ ಸಿಕ್ಕಿತು. ಕನ್ನಡಕ ಏರಿಸಿ ತಾರೀಖು ನೋಡಿದರು, ಮತ್ತೊಮ್ಮೆ ನೋಡಿದರು.

“ಡಿಸೆಂಬರಲ್ಲೇ ಬಂದಿತ್ತು ಇದು. ಆಗ್ಲೇ ಸೇರಿದ್ರೆ ನಿನಗೆ ಸೀನಿಯಾರಿಟಿ ಒಂದು ತಿಂಗಳು ಮುಂದೆ ಇರ್ತಿತ್ತು, ಅಲ್ವೇನಮ್ಮ?”

“ಒಂದು ತಿಂಗಳಿಗೆ ಏನು ಮಹಾ ಬಿಡಿ ಅಪ್ಪಾ,” ಎಂದರು ಅಕ್ಕ.

ಅರ್ಜಿಗೆ ಸಹಿ ಹಾಕಬೇಕಾದ ಅಕ್ಕನ ಕಚೇರಿಯ ಅಧಿಕಾರಿ ರಜೆಯಲ್ಲಿದ್ದರು. ಅವರು ಬಂದ ಮೇಲೆ, ಓಣಂ ರಜೆಗೆ ಮುಂಚಿನ ಶುಕ್ರವಾರ, ಅಕ್ಕನೂ ನಾನೂ ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆವು. ಅರ್ಜಿ ತಲುಪಬೇಕಾದದ್ದು ಅಲ್ಲಿನ ಕಚೇರಿಗೆ. ರಾಯರನ್ನು ಕೆಳಗಿನ ಗೋದಾಮಿನ ಲೆಕ್ಕದವರ ಹೆಂಡತಿ ನೋಡಿಕೊಳ್ಳಲು ಒಪ್ಪಿದ್ದರು. ಕಚೇರಿಯ ಮೊಗಸಾಲೆಯಲ್ಲಿ ಓಣಂನ ಹೂವಿನ ರಂಗೋಲಿ, ಪೂಕಳಂ, ಹಾಕಿದ್ದರು, ಅರ್ಧ ಮೇಜುಗಳು ಖಾಲಿ. ಗುಮಾಸ್ತೆ ಕಾಗದ ತಿರುವಿ, “ಎಂದಾ ಚೇಚೀ, ಇತ್ರ ವೈಗಿಯೇ?” ಎಂದಳು. ಇಷ್ಟು ತಡವೇಕೆ ಎಂದು.

“ಮನೆಯಲ್ಲಿ ವಯಸ್ಸಾದವರಿದ್ದಾರೆ,” ಎಂದು ಅಕ್ಕ ಮಲಯಾಳದಲ್ಲಿ ಹೇಳಿದರು.

ಮೊಹರು ಬಿತ್ತು. ಸ್ವೀಕೃತಿಯ ಆ ಪ್ರತಿಯನ್ನು ಅಕ್ಕ ಬ್ಯಾಗಿಗೆ ಹಾಕಲಿಲ್ಲ. ಮರಳುವ ರೈಲು ಕೊಲ್ಲಂ ದಾಟುವವರೆಗೂ ಎರಡು ಕೈಯಲ್ಲಿ ಹಿಡಿದು ಕೂತಿದ್ದರು.

ಆಮೇಲೆ ಕಾಯುವುದೇ ಕೆಲಸ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಕೇಳಿದಾಗಲೆಲ್ಲ ಕಡತ ಮೇಲೆ ಹೋಗಿದೆ ಎಂಬ ಉತ್ತರ. ಸ್ವಯಂ ನಿವೃತ್ತಿಯ ನೋಟಿಸು ಮೂರು ತಿಂಗಳು ಮೊದಲೇ ಕೊಡಬೇಕು. ಆದೇಶವಿಲ್ಲದೆ ಕೊಡುವ ಧೈರ್ಯವಿಲ್ಲ. ಅಕ್ಕ ಅದನ್ನು ಟೈಪು ಮಾಡಿ, ತಾರೀಖಿನ ಜಾಗ ಖಾಲಿ ಬಿಟ್ಟು ಇಟ್ಟುಕೊಂಡಿದ್ದರು. ಕಾರ್ತಿಕದಲ್ಲಿ ರಾಯರು ಬಚ್ಚಲಲ್ಲಿ ಜಾರಿ ಬಿದ್ದರು. ಅಕ್ಕ ಕಚೇರಿಯಲ್ಲಿದ್ದರು. ಕೂಗು ಕೇಳಿ ಬಾಗಿಲು ಒಡೆದವನು ನಾನು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನನ್ನು ಹತ್ತಿರ ಕರೆದು, “ಬಡ್ತಿ ಆಯ್ತಾ ಅವಳಿಗೆ?” ಎಂದರು. ಆಯಿತು ಎಂದೆ. ವೃತ್ತಿಯಲ್ಲಿ ನಾನು ಖಚಿತವಾಗದ ಸುದ್ದಿ ಕೊಟ್ಟವನಲ್ಲ...

ಹಳೆಯ ಪಿಂಚಣಿಯ ಆದೇಶ ಬಂದದ್ದು ರಾಯರ ವೈಕುಂಠ ಸಮಾರಾಧನೆ ಮುಗಿದು ಕೆಲವು ದಿನಗಳಾದ ಮೇಲೆ. ಅಕ್ಕ ಕಚೇರಿಯಿಂದಲೇ ಫೋನ್ ಮಾಡಿದರು. “ಬಂತು ಪೇಪರಿನೋರೇ,” ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಧನುರ್ಮಾಸ ನಡೆಯುತ್ತಿತ್ತು.

ಮರುವರ್ಷ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಮತ್ತೆ ಮಟ್ಟಾಂಚೇರಿಗೆ ಹೋಗಿಲ್ಲ. ಆ ಮೆಟ್ಟಿಲು, ಮೆಣಸಿನ ಘಾಟು, ಇಸ್ತ್ರಿ ಅಂಗಿಯ ರಾಯರು, ಯಾವುದೂ ಈಗ ನನ್ನ ದಾರಿಯಲ್ಲಿಲ್ಲ.

ಬೀಗದ ಕೈ ಕಂಡ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಟ್ರಂಕು ಇದೆ, ಬೀಗ ಹಾಕುವುದಿಲ್ಲ ಎಂದರು. ಟೈಪು ಮಾಡಿದ ನೋಟಿಸು ಅದರೊಳಗಿದೆ, ತಾರೀಖಿನ ಜಾಗ ಇನ್ನೂ ಖಾಲಿ. ಅವರು ಕೆಲಸದಲ್ಲಿ ಮುಂದುವರಿದಿದ್ದಾರೆ. ಬೆಳಗ್ಗೆ ಎಂಟೂಕಾಲಿನ ಬಸ್ಸಿಗೆ ಹೋಗುತ್ತಾರೆ.