ಮದುವೆಮನೆ ಮುಂದೆ ನಿಲ್ಲುವ ಕುದುರೆ

ಐವತ್ತು ದಾಟಿದ ಹೆಂಗಸರು ಸಾಮಾನ್ಯವಾಗಿ ಭಜನಾ ಮಂಡಳಿಗೋ ಮಂಡಿನೋವಿನ ಡಾಕ್ಟರ ಬಳಿಗೋ ಹೋಗುತ್ತಾರೆ. ನಾನು ಕುದುರೆ ಹತ್ತಿದೆ. ಘನವಾದ ಕಾರಣವೇನೂ ಇಲ್ಲ. ಬ್ಯಾಂಕು ನನ್ನನ್ನು ತುಮಕೂರಿನಿಂದ ವಡೋದರಾಕ್ಕೆ ವರ್ಗ ಮಾಡಿತು. ಊರಾಚೆ ನಾವು ಹಿಡಿದ ಮನೆಯ ಹಿಂದೆಯೇ ಸವಾರಿ ಕಲಿಸುವ ಶಾಲೆಯಿತ್ತು. ಚಿಕ್ಕಂದಿನಲ್ಲಿ ಜಟಕಾದೊಳಗೆ ಕೂತು ಕುದುರೆಯ ಬೆನ್ನನ್ನು ನೋಡಿದ್ದಷ್ಟೇ. ಅದರ ಮೇಲೆ ಕೂರುವ ಆಸೆ ಎಲ್ಲೋ ಒಳಗೆ ಉಳಿದುಬಿಟ್ಟಿತ್ತು.

"ಕುದುರೆ ಕಂಡರೆ ಕಾಲು ನೋವು ಅಂತಾರೆ. ನಿನಗೆ ಕಾಣೋಕೆ ಮುಂಚೆಯೇ ಇದೆಯಲ್ಲ" ಎಂದರು ನಮ್ಮ ಯಜಮಾನರು. ನಿವೃತ್ತರಾದ ಮೇಲೆ ಅವರಿಗೆ ಗಾದೆಗಳ ಮೇಲೆ ಪ್ರೀತಿ ಹೆಚ್ಚಾಗಿದೆ.

ಶಾಲೆ ನಡೆಸುವ ರಾಠೋಡ್ ಸಾಹೇಬರು ಸೈನ್ಯದಲ್ಲಿದ್ದವರು. ನನ್ನ ವಯಸ್ಸನ್ನೂ ಗಾತ್ರವನ್ನೂ ಒಂದೇ ನೋಟದಲ್ಲಿ ಅಳೆದು, ಚಂಪಾ ಎಂಬ ಬಿಳಿಯ ಹೆಣ್ಣು ಕುದುರೆಯನ್ನು ಕೊಟ್ಟರು. ಅದು ಕಾಠಿಯಾವಾಡದ ತಳಿ. ಎರಡು ಕಿವಿಗಳ ತುದಿಗಳೂ ಒಳಕ್ಕೆ ಬಾಗಿ ಒಂದಕ್ಕೊಂದು ಗುಟ್ಟು ಹೇಳುವಂತಿರುತ್ತವೆ. ಬೇಲಿಯೊಳಗೆ ಚಂಪಾ ಹಸುವಿನಷ್ಟು ಸಾಧು. ಮಳೆಗಾಲ ಕಳೆಯುವಷ್ಟರಲ್ಲಿ ನಾನು ಬೀಳದೆ ಕೂರುವುದನ್ನು ಕಲಿತೆ. ಒಂದು ಭಾನುವಾರ ಬೆಳಿಗ್ಗೆ ಸಾಹೇಬರು ನನ್ನನ್ನೂ ಚಂಪಾಳನ್ನೂ ರಸ್ತೆಗೆ ಕರೆದುಕೊಂಡು ಹೊರಟರು.

ಇಲ್ಲಿ ಕಲ್ಯಾಣಮಂಟಪಕ್ಕೆ ಬದಲು ಪಾರ್ಟಿ ಪ್ಲಾಟ್ ಎಂಬುದಿದೆ. ಗೋಡೆ ಕಟ್ಟಿದ ದೊಡ್ಡ ಹುಲ್ಲುಮೈದಾನ, ಅದಕ್ಕೊಂದು ಅರಮನೆಯಂಥ ಗೇಟು. ಮೊದಲ ಗೇಟಿನ ಮುಂದೆಯೇ ಚಂಪಾ ನಿಂತಳು. ಹಿಮ್ಮಡಿಯಿಂದ ಒತ್ತಿದೆ, ಬೇಡಿಕೊಂಡೆ. ಅಲುಗಲಿಲ್ಲ. ಕಾವಲುಗಾರ ಹೊರಗೆ ಬಂದು, ಹೆಲ್ಮೆಟ್ಟು ಕನ್ನಡಕದೊಳಗಿನ ನನ್ನನ್ನು ದಿಟ್ಟಿಸಿ, "ಬೆನ್, ಜಾನ್ ಕ್ಯಾಂ ಛೆ?" ಎಂದ. ಗಂಡಿನ ದಿಬ್ಬಣ ಎಲ್ಲಿ ಅಕ್ಕಾ ಎಂದು ಕೇಳುತ್ತಿದ್ದಾನೆಂದು ಅರ್ಥವಾಗುವ ಮೊದಲೇ ಗೇಟು ತೆರೆದಿದ್ದ. ಚಂಪಾ ಗಂಭೀರವಾಗಿ ಒಳಗೆ ನಡೆದು, ಮಂಟಪದ ಮುಂದೆ ನಿಂತು, ಯಾರೋ ಆಗಷ್ಟೇ ಕಟ್ಟಿದ್ದ ಚೆಂಡುಹೂವಿನ ತೋರಣವನ್ನು ತಿನ್ನತೊಡಗಿದಳು.

ಚಂಪಾ ಮೊದಲು ಮದುವೆ ಬ್ಯಾಂಡಿನವರ ಕುದುರೆಯಾಗಿದ್ದಳೆಂದು ಆಮೇಲೆ ತಿಳಿಯಿತು. ನೂರಾರು ವರರನ್ನು ಇಂಥ ಗೇಟುಗಳಲ್ಲೇ ಇಳಿಸಿದವಳು. ಸಂಬಂಧ ಕುದುರಿತು, ವ್ಯಾಪಾರ ಕುದುರಿತು ಎನ್ನುತ್ತೇವಲ್ಲ, ಆ 'ಕುದುರು'ವಿನಿಂದಲೇ 'ಕುದುರೆ' ಬಂದಿರಬೇಕೆಂದು ಆ ದಿನ ನನಗೆ ಹೊಳೆಯಿತು. ಪಂಡಿತರು ಒಪ್ಪಲಾರರು, ಆದರೆ ಅವರು ಚಂಪಾಳನ್ನು ಹತ್ತಿದವರಲ್ಲ.

ರಾಠೋಡರು ನಗಲಿಲ್ಲ. ರಸ್ತೆಗೆ ಒಗ್ಗದ ಕುದುರೆಯನ್ನು ಸಾಕಲಾಗುವುದಿಲ್ಲ, ಮದುವೆಯ ಹಂಗಾಮು ಶುರುವಾದರೆ ಬ್ಯಾಂಡಿನವರಿಗೇ ಹಿಂದಿರುಗಿಸುತ್ತೇನೆ ಎಂದರು. ಪಟಾಕಿ ಸಿಡಿದಾಗಲೆಲ್ಲ ಅವಳ ಮೈ ಹೇಗೆ ನಡುಗುತ್ತದೆಂದು ನಾನು ಗಣೇಶನ ಹಬ್ಬದಲ್ಲಿ ಕಂಡಿದ್ದೆ. ಅಲ್ಲಿಯವರೆಗೆ ಪ್ರತಿ ಭಾನುವಾರ ನನಗೇ ಬಿಡಿ ಎಂದು ಕೇಳಿಕೊಂಡೆ.

ಮುಂದಿನ ಭಾನುವಾರಗಳಲ್ಲಿ ಚಂಪಾ ನಿಂತಳು, ನಾನು ಬೆವರಿದೆ. ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದ ನಮ್ಮ ಯಜಮಾನರು ಒಂದು ದಿನ ಹೇಳಿದರು: "ಕಾಲಲ್ಲಿ ಹೋಗು ಅಂತೀಯ, ಕೈಯಲ್ಲಿ ಲಗಾಮು ಜಗ್ಗಿ ನಿಲ್ಲು ಅಂತೀಯ. ಪಾಪ, ಅದು ಏನು ಮಾಡಬೇಕು? ನನಗಾದರೆ ಅಭ್ಯಾಸವಾಗಿದೆ."

ಸಿಟ್ಟು ಬಂತು. ಕೈ ನೋಡಿಕೊಂಡರೆ ಮಾತು ನಿಜ. ಭಯಕ್ಕೆ ಲಗಾಮನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿದ್ದೆ. ರಾಠೋಡರನ್ನು ಕೇಳಿದೆ. ಜಗಳ ಬೇಡ, ನಿಂತಲ್ಲೇ ಒಂದು ಸಣ್ಣ ಸುತ್ತು ಹಾಕಿಸಿ ಮತ್ತೆ ಅದೇ ದಿಕ್ಕಿಗೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟರೂ ತಕ್ಷಣ ಲಗಾಮು ಸಡಿಲ ಬಿಟ್ಟು ಕತ್ತು ತಟ್ಟಿ ಎಂದರು. ಹಾಗೇ ಮಾಡಿದೆ. ಸುತ್ತು, ಹೆಜ್ಜೆ, ಸಡಿಲು. ಜೊತೆಗೆ ಕನ್ನಡದಲ್ಲಿ "ನಡಿಯೇ ತಾಯಿ, ಮದುವೆ ಮುಗೀತು" ಎಂಬ ಸಮಾಧಾನ. ಹೆಜ್ಜೆಗೆ ಹೆಜ್ಜೆ ಕೂಡಿ, ದೀಪಾವಳಿ ಕಳೆಯುವ ಹೊತ್ತಿಗೆ ಖಾಲಿ ಗೇಟನ್ನು ದಾಟತೊಡಗಿದಳು.

ಖಾಲಿ ಗೇಟಿನ ಮಾತು ಬೇರೆ. ಒಂದು ಬೆಳಿಗ್ಗೆ ರಾಠೋಡರೂ ಜೊತೆಗಿದ್ದಾಗಲೇ ಎದುರಿಗೆ ನಿಜವಾದ ದಿಬ್ಬಣ ಬಂತು. ಢೋಲು, ತುತ್ತೂರಿ, ಹೂವಿನ ಕಾರಿನಲ್ಲಿ ಮದುಮಗ. ಚಂಪಾಳ ಕಿವಿಗಳು ನೆಟ್ಟಗಾದವು, ಮೈ ನಡುಗಿತು. ಮರುಕ್ಷಣ ಮುಂಗಾಲೆತ್ತಿ ತಾಳಕ್ಕೆ ಸರಿಯಾಗಿ ಕುಣಿಯತೊಡಗಿದಳು. ವರನ ಸೋದರತ್ತೆಯರು ಸಂಭ್ರಮದಿಂದ ನನ್ನ ಸುತ್ತ ಗರ್ಬಾ ಶುರುಮಾಡಿದರು. ಕಾರಿನೊಳಗಿನ ವರನನ್ನು ಯಾರೂ ನೋಡುತ್ತಿರಲಿಲ್ಲ. ನನ್ನ ಕೈಗಳು ಲಗಾಮನ್ನು ಬಿಗಿಯಲು ಹವಣಿಸುತ್ತಿದ್ದವು. ಪ್ರಾಣ ಬಾಯಿಗೆ ಬಂದಿದ್ದರೂ ಸಡಿಲ ಬಿಟ್ಟೆ, ಕತ್ತು ತಟ್ಟಿದೆ. ಚಂಪಾ ಇನ್ನೆರಡು ಕುಣಿತ ಕುಣಿದು, ಋಣ ತೀರಿತೆಂಬಂತೆ ತಲೆ ಕೊಡವಿ, ಗೇಟನ್ನು ಬಿಟ್ಟು ನೇರ ನಡೆದಳು.

ರಾಠೋಡರು ಪಕ್ಕಕ್ಕೆ ಬಂದು ಚಂಪಾಳ ಕತ್ತು ತಟ್ಟಿದರು. "ಇರಲಿ ಬೆನ್, ಇವಳು ಇಲ್ಲೇ ಇರಲಿ" ಎಂದರು. ನಾನು ಮುಖ ಆಚೆ ತಿರುಗಿಸಿಕೊಂಡೆ.

ಈಗ ಚಂಪಾ ಯಾವ ಮದುವೆಗೂ ಜಗ್ಗುವುದಿಲ್ಲ. ಹೋದ ವಾರ ಅದೇ ಗೇಟಿನೊಳಗೆ ಯಾರೋ ಜಿಲೇಬಿ ಕರಿಯುತ್ತಿದ್ದರು. ತುಪ್ಪದ ಪರಿಮಳ ರಸ್ತೆಯವರೆಗೂ ಹಬ್ಬಿತ್ತು. ಕಾವಲುಗಾರ ಪರಿಚಯದ ನಗೆ ನಕ್ಕು ಗೇಟನ್ನೂ ತೆರೆದ. ನಾನು ಲಗಾಮನ್ನು ಮೆಲ್ಲಗೆ ಎಳೆದೆ, ಇನ್ನೊಮ್ಮೆ ಎಳೆದೆ. ಕಲಿಸುವ ಉತ್ಸಾಹದಲ್ಲಿ ಒಂದನ್ನು ನಾನು ಯೋಚಿಸಿಯೇ ಇರಲಿಲ್ಲ: ಚೆನ್ನಾಗಿ ಕಲಿತವರು ಕಲಿಸಿದವರ ಚಪಲಕ್ಕೆ ನಿಲ್ಲುವುದಿಲ್ಲ. ಚಂಪಾ ನಡೆದೇ ನಡೆದಳು. ನಾನೊಬ್ಬಳೇ ಕತ್ತು ತಿರುಗಿಸಿ ನೋಡುತ್ತಾ ಹೋದೆ.