ಶರಣಪ್ಪನ ನಂಬರ್ ಒನ್ ಆಲ್ಬಮ್

ದೇಶದಲ್ಲಿ ಈ ವರ್ಷ ಹೆಚ್ಚು ಮಾರಾಟವಾದ ಆಲ್ಬಮ್‌ಗಳ ಪಟ್ಟಿಗಾಗಿ ಊರೂರು ಸುತ್ತುವುದು ನನ್ನ ಕೆಲಸ. ಅಫಜಲಪುರದಲ್ಲಿ ಶರಣಪ್ಪ ಕಬ್ಬಿನ ಟ್ರ್ಯಾಕ್ಟರಿನವರಿಗೆ ಪೆನ್‌ಡ್ರೈವಿನಲ್ಲಿ ಹಾಡು ತುಂಬಿಕೊಡುತ್ತಾನೆ. ಯಾವ ಆಲ್ಬಮ್ ಹೆಚ್ಚು ಹೋಯಿತು ಎಂದು ಅವನನ್ನು ಕೇಳಿದೆ.

"ನಮ್ಮವ್ವಂದರಿ. ಬೀಸುಕಲ್ಲಿನ ಹಾಡು. ನಾನೇ ಫೋನಿನಾಗ ರೆಕಾರ್ಡ್ ಮಾಡೇನಿ."

"ಅದನ್ನ ಯಾರು ಕೇಳಿ ತಗೋತಾರೆ?"

"ಯಾರೂ ಕೇಳಂಗಿಲ್ರಿ. ಯಾವ ಹಾಡು ಕೇಳಿದ್ರೂ ಕೊನೀಗೆ ಅವ್ವಂದು ಹಾಕೇ ಕೊಡ್ತೇನಿ."

ನನಗೆ ರೇಗಿತು. ಹಾಗೆ ಪುಕ್ಕಟೆ ಸೇರಿಸಿದ್ದು ಮಾರಾಟವಲ್ಲ ಎಂದು ನಿಯಮ ಓದಿ ಹೇಳುತ್ತಿದ್ದೆ. ಅಷ್ಟರಲ್ಲಿ ಕರಜಗಿಯ ಡ್ರೈವರೊಬ್ಬ ಬಂದ.

"ಶರಣಪ್ಪ, ಪೆನ್‌ಡ್ರೈವ್ ಕಳ್ಕೊಂಡೇನಿ. ಬ್ಯಾರೆ ಹಾಡು ಏನರೆ ಹಾಕು, ಅವ್ವಂದು ಮಾತ್ರ ಮೊದಲಿಗೇ ಇರ್ಲಿ."

ನಿಯಮದ ಹಾಳೆ ಮಡಚಿಟ್ಟು ಪಟ್ಟಿಯ ಮೊದಲ ಸಾಲಿನಲ್ಲೇ ಬೀಸುಕಲ್ಲಿನ ಹಾಡು ಎಂದು ಬರೆದುಕೊಂಡೆ. ಕಂಪನಿಯ ಹೆಸರು ಎಂಬಲ್ಲಿ 'ಅವ್ವ' ಎಂದು ತುಂಬಿದೆ. ಆ ಕಂಪನಿಯ ಹೆಡ್ ಆಫೀಸ್ ಎಲ್ಲಿದೆ ಎಂದು ನಮ್ಮ ಸಾಹೇಬರು ಇನ್ನೂ ಕೇಳುತ್ತಲೇ ಇದ್ದಾರೆ.